ಹತ್ತು ದಿನದ ಕ್ಯಾನ್

2025ರ ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ 8.40. ದಸರಾ ರಜೆಯ ಜಡ್ಡು ಠಾಣೆಯನ್ನೂ ಬಿಟ್ಟಿರಲಿಲ್ಲ. ರೈಟರ್ ಇನ್ನೂ ಬಂದಿರಲಿಲ್ಲ, ಕಾಫಿ ಬಂದು ಆರಿಹೋಗಿತ್ತು. ಮಾಗಡಿ ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿರುವ ಆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಶಿವಯೋಗಿ ಬಾಳೆಹಣ್ಣು ಸುಲಿಯುತ್ತ ಕೂತಿದ್ದ. ಅವನಿಗೆ ಹೊಟ್ಟೆ ಉರಿಯ ಕಾಟ. ಡಾಕ್ಟರು ಚಿಂತೆ ಕಡಿಮೆ ಮಾಡಿ ಅಂದಿದ್ದರು. ಪೊಲೀಸ್ ಕೆಲಸದಲ್ಲಿ ಅದು ಆಗುವ ಮಾತಲ್ಲ ಎಂದು ಬಾಳೆಹಣ್ಣಿಗೆ ಶರಣಾಗಿದ್ದ.

ಒಳಗೆ ಬಂದ ಹೆಂಗಸಿಗೆ ನಲವತ್ತರ ಆಸುಪಾಸು. ಮೇಲೆ ಬಿಳಿ ಲ್ಯಾಬ್ ಕೋಟು, ಕಾಲಲ್ಲಿ ಒಂದೊಂದು ಬಗೆಯ ಚಪ್ಪಲಿ. ಅದು ಅವಳ ಗಮನಕ್ಕೆ ಬಂದಂತಿರಲಿಲ್ಲ.

“ನಾನು ಡಾಕ್ಟರ್ ಮಾಲವಿಕಾ. ಹೇರೋಹಳ್ಳಿ ಹತ್ರ ಬಯೋ ಕ್ಯಾಂಪಸ್ ಇದೆಯಲ್ಲ, ಅಲ್ಲಿ ನಂದೊಂದು ಚಿಕ್ಕ ಕಂಪನಿ. ನಮ್ಮ ಕ್ಯಾನ್ ಕಳುವಾಗಿದೆ.”

“ಎಂಥ ಕ್ಯಾನ್ ಮೇಡಂ?”

“ಅಲ್ಯೂಮಿನಿಯಂದು. ಮಂಡಿ ಎತ್ತರ. ನೋಡಕ್ಕೆ ಹಾಲಿನ ಕ್ಯಾನ್ ಥರಾನೇ.”

“ಬೆಲೆ?”

“ಕ್ಯಾನಿಗೆ ಎಂಬತ್ತು ಸಾವಿರ. ಒಳಗಿರೋದಕ್ಕೆ ಬೆಲೆ ಕಟ್ಟಕ್ಕಾಗಲ್ಲ ಸಾರ್.”

ಶಿವಯೋಗಿ ಹಣ್ಣನ್ನು ಮೇಜಿನ ಮೇಲಿಟ್ಟ. ಬೆಲೆ ಕಟ್ಟಲಾಗದ ವಸ್ತು ಎಂದು ದೂರು ಕೊಟ್ಟವರನ್ನು ಅವನು ಬಹಳ ನೋಡಿದ್ದ. ಹೆಚ್ಚಾಗಿ ಅದು ಅಜ್ಜಿಯ ಓಲೆಯೋ ನಾಯಿಮರಿಯೋ ಆಗಿರುತ್ತಿತ್ತು. ಮಾಲವಿಕಾ ಹೇಳಿದ್ದು ಕೇಳಿದ ಮೇಲೆ ಹಣ್ಣಿನ ಕಡೆಗೆ ಅವನ ಕೈ ಹೋಗಲಿಲ್ಲ.

ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ದೀಪ್ತಿ, ಮೂವತ್ನಾಲ್ಕು ವರ್ಷ, ರಕ್ತದ ಕ್ಯಾನ್ಸರ್. ಆಕೆಯ ದೇಹದಿಂದಲೇ ರಕ್ತ ತಯಾರಿಸುವ ಸ್ಟೆಮ್ ಸೆಲ್‌ಗಳನ್ನು ತೆಗೆದು, ಶುದ್ಧಿ ಮಾಡಿ, ದ್ರವ ನೈಟ್ರೋಜನ್ ತುಂಬಿದ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಅದನ್ನು ಇವತ್ತು ಮಧ್ಯಾಹ್ನ ಆಸ್ಪತ್ರೆಗೆ ಒಯ್ಯಬೇಕಿತ್ತು.

“ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಅವರಿಗೆ ದೊಡ್ಡ ಡೋಸ್ ಕೀಮೋ ಕೊಟ್ಟಾಗಿದೆ. ಅದು ಕ್ಯಾನ್ಸರ್ ಜೊತೆಗೆ ಅವರ ಮಜ್ಜೆನೂ ಸುಟ್ಟುಹಾಕುತ್ತೆ. ನಾಳೆ ಹನ್ನೊಂದಕ್ಕೆ ಈ ಸೆಲ್ಸ್ ವಾಪಸ್ ಒಳಗೆ ಹೋಗ್ಬೇಕು.”

“ಹೋಗದೇ ಇದ್ರೆ?”

“ಹೊಸ ರಕ್ತ ಹುಟ್ಟಲ್ಲ ಸಾರ್.”

“ಬೇರೆ ಕಡೆ ಒಂದು ಪಾಲು ಇಟ್ಟಿಲ್ವಾ?”

“ಎರಡು ಸಲ ಪ್ರಯತ್ನ ಪಟ್ಟು ಸಿಕ್ಕಿದ್ದೇ ಇಷ್ಟು.” ಅವಳು ಕ್ಯಾನಿನ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. “ಇದು ಅಗಲ ಬಾಯಿಯ ಕ್ಯಾನ್. ಒಂದು ಸಲ ತುಂಬಿದ್ರೆ ಹತ್ತು ದಿನ ತಡೆಯುತ್ತೆ. ಆದ್ರೂ ನಿಯಮದ ಪ್ರಕಾರ ಎರಡು ದಿನಕ್ಕೊಮ್ಮೆ ತುಂಬಿಸ್ಬೇಕು. ಕ್ಯಾಂಪಸ್‌ನವರು ಶನಿವಾರ ತುಂಬಿದಾರೆ, ರಿಜಿಸ್ಟರಲ್ಲಿದೆ. ನೆಟ್ಟಗೆ ನಿಂತಿದ್ರೆ ಭಯ ಇಲ್ಲ. ಮಲಗಿಸಿದ್ರೆ ಮಾತ್ರ ಎಲ್ಲಾ ಚೆಲ್ಲಿಹೋಗುತ್ತೆ.”

ಕದ್ದ ಮಾಲನ್ನು ನೆಟ್ಟಗೆ ನಿಲ್ಲಿಸಿ ಒಯ್ಯುವ ಕಳ್ಳ ಈ ಊರಿನಲ್ಲಿ ಯಾರಿದ್ದಾನೆ ಎಂದು ಶಿವಯೋಗಿಗೆ ಅನಿಸಿತು. ಗುಜರಿಯವರಾದರೆ ಆಟೋದಲ್ಲಿ ಅಡ್ಡ ಹಾಕಿಕೊಂಡು ಹೋಗಿರುತ್ತಾರೆ. ಆ ಮಾತು ಅವಳೆದುರು ಆಡಲಿಲ್ಲ. 9.05ಕ್ಕೆ ಎಫ್‌ಐಆರ್ ದಾಖಲಾಯಿತು, ಬಿಎನ್‌ಎಸ್ ಕಲಂ 303(2), ಕಳವು. ನಾಳೆ ಹನ್ನೊಂದಕ್ಕೆ ಇನ್ನು ಇಪ್ಪತ್ತಾರು ಗಂಟೆ ಎಂದು ಬೇಡವೆಂದರೂ ಮನಸ್ಸು ಎಣಿಸಿತು.

ಕ್ಯಾಂಪಸ್ ಇದ್ದದ್ದು ಹೇರೋಹಳ್ಳಿ ದಾಟಿ ಒಂದು ಕಿಲೋಮೀಟರ್ ಆಚೆ. ರಸ್ತೆ ಮಾತ್ರ ಹಳ್ಳಿಯದೇ; ಜೀಪು ಗುಂಡಿಯಿಂದ ಗುಂಡಿಗೆ ಇಳಿದು ಹತ್ತಿ ಹೋಗಬೇಕು. ಮೊದಲು ಅಲ್ಲಿ ಫ್ಯಾನಿನ ಮೋಟಾರ್ ಮಾಡುವ ಕಾರ್ಖಾನೆಯಿತ್ತು. ಈಗ ಅದರ ಗೋಡೆಗೆ ಗಾಜು ಹಚ್ಚಿ, ಒಳಗೆ ಜೀವವಿಜ್ಞಾನದ ಹದಿನಾಲ್ಕು ಕಂಪನಿಗಳನ್ನು ಕೂರಿಸಿದ್ದರು. ಒಂದು ಮೇಜು ಬಾಡಿಗೆಗೆ ಹಿಡಿದು ಶುರು ಮಾಡಿದವರು ಬೆಳೆದಂತೆ ಒಂದು ಕೋಣೆ, ಆಮೇಲೆ ಅರ್ಧ ಮಹಡಿ ತೆಗೆದುಕೊಳ್ಳುತ್ತಾರೆ. ಬೆಳೆದವರಿಗೆ ಈಗ ಜಾಗ ಸಾಲದೆ ಪಕ್ಕದಲ್ಲಿ ಎರಡನೇ ಟವರ್ ಏಳುತ್ತಿತ್ತು. ಗುಂಡಿ, ಕಬ್ಬಿಣದ ಸರಳು, ಕೆಂಪು ಮಣ್ಣು. ಕಾಂಪೌಂಡಿನ ಬೋರ್ಡಿನಲ್ಲಿ ಮಾತ್ರ ಟವರ್ ಆಗಲೇ ಮುಗಿದು ಅದರ ಮುಂದೆ ಮರಗಳೂ ಬೆಳೆದಿದ್ದವು.

ಗೇಟಿನಲ್ಲೇ ಕಾದಿದ್ದವನು ಗೋಪೀನಾಥ, ಕ್ಯಾಂಪಸ್ಸಿನ ನಿರ್ವಹಣೆಯ ಮುಖ್ಯಸ್ಥ. ಐವತ್ನಾಲ್ಕು ವರ್ಷ, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಕೈಯಲ್ಲೊಂದು ಫೈಲು. ಇದಕ್ಕೆ ಮೊದಲು ಇಪ್ಪತ್ತೈದು ವರ್ಷ ಅಪಾರ್ಟ್‌ಮೆಂಟ್ ಕಟ್ಟಿಸಿದವನು. ಶಿವಯೋಗಿ ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

“ಕ್ಯಾಮೆರಾ ಫೂಟೇಜ್ ಇಲ್ಲ ಸಾರ್. ಹೊಸ ಟವರ್‌ಗೆ ಕ್ರೇನ್ ಬಂದಿತ್ತು. ಸೇಫ್ಟಿಗೆ ಅಂತ ನಿನ್ನೆ ಒಂದರಿಂದ ಆರರ ತನಕ ಈ ಬ್ಲಾಕಿಗೆ ಪವರ್ ಆಫ್ ಮಾಡಿದ್ವಿ.”

“ಬೀಗ?”

“ಕರೆಂಟ್ ಹೋದ್ರೆ ಕೀ ಹಾಕಿ ತೆಗೀಬೇಕು. ಕೀ ಮೂವರ ಹತ್ರ ಇದೆ. ಮಾಲವಿಕಾ ಮೇಡಂ, ನಾನು, ಗ್ಯಾಸ್ ಆಪರೇಟರ್ ಮುನಿರಾಜು.”

9.50ಕ್ಕೆ ಪಂಚನಾಮೆ ಶುರುವಾಯಿತು. ಬಾಗಿಲು ಮುರಿದಿಲ್ಲ. ಕ್ಯಾನ್ ಇದ್ದ ಜಾಗದಲ್ಲಿ ನೆಲದ ಮೇಲೊಂದು ಗುಂಡನೆಯ ಗುರುತು. ಪಕ್ಕದ ಗೋಡೆಗೆ ನೇತುಹಾಕಿದ ರಿಜಿಸ್ಟರಿನಲ್ಲಿ ನೈಟ್ರೋಜನ್ ತುಂಬಿದ ದಿನಗಳು: ಸೆಪ್ಟೆಂಬರ್ 30, ಅಕ್ಟೋಬರ್ 2, ಅಕ್ಟೋಬರ್ 4. ಕಾನ್‌ಸ್ಟೆಬಲ್ ಸೌಂದರ್ಯಾ ಕೋಣೆಯ ಪ್ರತಿ ಮೂಲೆಯ ಫೋಟೋ ತೆಗೆದಳು. ಆಮೇಲೆ ಹೊರಗೆ ಹೋಗಿ ಗ್ಯಾಸ್ ಯಾರ್ಡು, ಅಲ್ಲಿಯ ದೊಡ್ಡ ಟ್ಯಾಂಕು, ಅದರ ವಾಲ್ವು, ಬಾಗಿಲು ಎಲ್ಲವನ್ನೂ ತೆಗೆದಳು.

“ಗೋಡೆ ಮೇಲಿನ ಹಲ್ಲಿದೂ ಒಂದ್ ತೆಗ್ಯಮ್ಮ, ಅದೂ ಸಾಕ್ಷಿ ಹೇಳುತ್ತೆ” ಎಂದ ಹೆಡ್ ಕಾನ್‌ಸ್ಟೆಬಲ್ ಕೃಷ್ಣಯ್ಯ.

“ತೆಗ್ದಿದೀನಿ ಸಾರ್” ಎಂದಳು ಅವಳು.

ಹೊರಡುವಾಗ ಗೋಪೀನಾಥ ಜೀಪಿನ ತನಕ ಬಂದ. ಅಂಗಿಯ ಕಂಕುಳು ಒದ್ದೆಯಾಗಿತ್ತು.

“ಯಾರ ಮೇಲೂ ಹೇಳ್ಬಾರ್ದು ಸಾರ್. ಆದ್ರೆ ಈ ಮುನಿರಾಜು ನೈಟ್ರೋಜನ್ ಹೊರಗೆ ಒಯ್ಯೋ ಅಭ್ಯಾಸ ಇಟ್ಕೊಂಡಿದ್ದ. ಜೂನ್‌ನಲ್ಲಿ ನಾನೇ ಹಿಡಿದು ವಾರ್ನಿಂಗ್ ಕೊಟ್ಟಿದ್ದೆ. ಹೇರೋಹಳ್ಳೀಲಿ ಒಬ್ಬ ದನದ ಡಾಕ್ಟ್ರಿಗೆ ಕೊಡ್ತಿದ್ದ.”

ಶಿವಯೋಗಿಗೆ ದಾರಿ ಸಿಕ್ಕಿದ ಹಾಗಾಯಿತು. ಗಾಬರಿಯಲ್ಲಿದ್ದವನಿಗೆ ಮೊದಲು ತೋರಿಸಿದ ದಾರಿಯೇ ಸರಿಯಾದ ದಾರಿ ಅನ್ನಿಸುತ್ತದೆ, ಅವನಿಗೂ ಅದೇ ಆಯಿತು.

ಮುನಿರಾಜುವಿನ ಮನೆ ಹಳೇ ಹೇರೋಹಳ್ಳಿಯಲ್ಲಿ. ಕ್ಯಾಂಪಸ್ಸಿನ ಹಿಂಭಾಗದ ಒಂದೂವರೆ ಎಕರೆ ಅವನ ತಂದೆಯದಾಗಿತ್ತು. ಜಮೀನು ಕೊಟ್ಟಾಗ ಮನೆಗೊಂದು ಕೆಲಸ ಎಂದು ಒಪ್ಪಂದವಾಗಿ ಇವನಿಗೆ ಗ್ಯಾಸ್ ಆಪರೇಟರ್ ಕೆಲಸ ಸಿಕ್ಕಿತ್ತು. 11.10ಕ್ಕೆ ಅವನನ್ನು ಜೀಪಿಗೆ ಹತ್ತಿಸಿದರು. ಬಾಗಿಲಲ್ಲಿ ಅವನ ತಾಯಿ ಮುನಿತಾಯಮ್ಮ ಮೊರ ಹಿಡಿದು ನಿಂತಿದ್ದಳು. ಬೀದಿಯ ಜನವೆಲ್ಲ ನೋಡಿದರು.

“ನೈಟ್ರೋಜನ್ ಹೊರಗೆ ಕೊಟ್ಟಿದ್ದು ನಿಜಾನಾ?”

“ನಿಜ ಸಾರ್. ತಳದಲ್ಲಿ ಉಳಿದಿದ್ದು. ಹೆಂಗೂ ಆರಿ ಹೋಗೋದು.”

“ಕ್ಯಾನ್ ಎಲ್ಲಿ?”

“ಯಾವ್ ಕ್ಯಾನು?”

“ನಿನ್ನೆ ಎಲ್ಲಿದ್ದೆ?”

“ಮನೇಲಿ. ಬುಧವಾರದಿಂದ ರಜೆ. ಗೋಪೀನಾಥ್ ಸಾರೇ ಕೊಟ್ಟಿದ್ದು. ಇವತ್ತು ಎರಡು ಗಂಟೆಗೆ ಡ್ಯೂಟಿ.”

12.30ಕ್ಕೆ ಗೋಪೀನಾಥ ಹೇಳಿದ ದನದ ಡಾಕ್ಟರ್ ದೊಡ್ಡಹನುಮಯ್ಯನ ಮನೆ ಶೋಧ. ಮೂರು ಮಹಡಿಯ ಎರಡು ಬಾಡಿಗೆ ಮನೆಗಳ ಸಂದಿಯಲ್ಲಿ ಒಂದು ಕೊಟ್ಟಿಗೆ, ನಾಲ್ಕು ಹಸು. ಎಪ್ಪತ್ತು ದಾಟಿದ ದೊಡ್ಡಹನುಮಯ್ಯ ನಲವತ್ತು ವರ್ಷದಿಂದ ಸುತ್ತಲ ಹಸುಗಳಿಗೆ ಗರ್ಭಧಾರಣೆಯ ಸೂಜಿ ಹಾಕುತ್ತ ಬಂದವನು. ಊರು ಹೋಗಿ ಲೇಔಟ್ ಆದರೂ ಶ್ರೀಗಂಧದ ಕಾವಲ್ ಕಡೆ ಇನ್ನೂ ಹಸು ಉಳಿಸಿಕೊಂಡವರು ಅವನನ್ನೇ ಕರೆಯುತ್ತಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಎತ್ತಿದಾಗ ಅಲ್ಯೂಮಿನಿಯಂ ಕ್ಯಾನ್ ಕಂಡಿತು. ಶಿವಯೋಗಿಯೇ ಮುಂದೆ ಹೋಗಿ ಮುಚ್ಚಳಕ್ಕೆ ಕೈ ಹಾಕಿದ.

“ತೆಗೀಬೇಡಿ ಸ್ವಾಮಿ” ಎಂದ ಮುದುಕ, ಶಾಂತವಾಗಿ. “ಅದ್ರಲ್ಲಿ ಎಚ್ಚೆಫ್ ಹೋರಿದೈತೆ.”

“ಏನು?”

“ಹೋರಿ ವೀರ್ಯ ಸ್ವಾಮಿ. ಕಡ್ಡೀಲಿ ತುಂಬಿ ಮಡಗಿರ್ತಾರಲ್ಲ.”

ಕೃಷ್ಣಯ್ಯ ಕೆಮ್ಮು ಬಂದವನಂತೆ ಆ ಕಡೆ ತಿರುಗಿದ. ಕ್ಯಾನಿನ ಬಾಯಿ ಕಿರಿದು, ಮೈಯೆಲ್ಲ ತಗ್ಗುದಿಣ್ಣೆ. ಮಾಲವಿಕಾ ಕೊಟ್ಟ ಫೋಟೋಗೂ ಇದಕ್ಕೂ ಸಂಬಂಧವಿರಲಿಲ್ಲ. ಆದರೂ ವಿಚಾರಣೆಗೆ ಎಂದು ಮುದುಕನನ್ನೂ ಠಾಣೆಗೆ ಕರೆತಂದರು. ಮಹಜರಿನಲ್ಲಿ ಸೌಂದರ್ಯಾ “ಹೋರಿ ವೀರ್ಯದ ಕಡ್ಡಿ, 43” ಎಂದು ಮುಖ ಬಿಗಿದುಕೊಂಡು ಬರೆದಳು.

1.35ಕ್ಕೆ ಶಿವಯೋಗಿಯ ಫೋನು ಬಡಿದುಕೊಂಡಿತು. ದೀಪ್ತಿಯ ಗಂಡ ಶ್ರೀಶ, ಆಸ್ಪತ್ರೆಯ ಕಾರಿಡಾರಿನಿಂದ.

“ಸಾರ್, ಸಿಕ್ತಾ?”

“ಹುಡುಕ್ತಾ ಇದೀವಿ.”

“ಅವಳಿಗೆ ಹೇಳಿಲ್ಲ ಸಾರ್. ಕ್ಯಾನ್ ಬಂತಾ ಅಂತ ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ಲು. ಟ್ರಾಫಿಕ್ಕು ಅಂದೆ. ಇನ್ನೊಂದು ಸಲ ಕೇಳಿದ್ರೆ ಏನು ಹೇಳ್ಲಿ?”

“ಟ್ರಾಫಿಕ್ಕು ಅಂತಾನೇ ಹೇಳಿ.”

ಫೋನಿಟ್ಟ ಮೇಲೆ ಶಿವಯೋಗಿಗೆ ಭಯವಾಯಿತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅವನು ನೋಡಿದ ಸಾವುಗಳೆಲ್ಲ ಅವನು ತಲುಪುವ ಹೊತ್ತಿಗೆ ಆಗಿಹೋಗಿದ್ದವು. ಇದು ಇನ್ನೂ ಆಗಿಲ್ಲ. ಅವನ ಕೈಯಲ್ಲಿ ಗಡಿಯಾರ ಕೊಟ್ಟು ಕೂರಿಸಿದಂತಿತ್ತು.

ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಸೌಂದರ್ಯಾ ಮುನಿರಾಜುವಿಗೆ ಒಂದು ಲೋಟ ನೀರು ಕೊಟ್ಟು ಎದುರಿಗೆ ಕೂತಿದ್ದಳು.

“ಶನಿವಾರ ನೈಟ್ರೋಜನ್ ಎಷ್ಟು ತುಂಬಿದ್ರಿ ಅಣ್ಣ?”

“ಶನಿವಾರ ಯಾರು ತುಂಬಿದ್ರು? ನಾನು ಮಂಗಳವಾರ ತುಂಬಿದ್ದೇ ಕೊನೆ.”

“ನೀವಿಲ್ಲದಾಗ ಬೇರೆ ಯಾರಾದ್ರೂ...”

“ಅದು ಹೆಂಗಾಗುತ್ತಮ್ಮ? ಬುಧವಾರ ಆಯುಧ ಪೂಜೆ ಮಾಡಿ ವಾಲ್ವಿಗೆ ದಾರ ಕಟ್ಟಿದೀನಿ. ಚಕ್ರಕ್ಕೂ ಪೈಪಿಗೂ ಸೇರಿಸಿ ಮೂರು ಸುತ್ತು. ನಮ್ಮಲ್ಲಿ ಕಟ್ಟಿದೋನೇ ಕಾಯಿ ಒಡೆದು ಬಿಚ್ಬೇಕು. ಇವತ್ತು ಡ್ಯೂಟಿಗೆ ಬಂದು ಬಿಚ್ಚೋನಿದ್ದೆ. ನೀವು ಜೀಪ್ ಹತ್ತಿಸಿದ್ರಿ.”

ಸೌಂದರ್ಯಾ ಮೊಬೈಲ್ ತೆಗೆದು ಬೆಳಗಿನ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ವಾಲ್ವಿನ ಚಿತ್ರ ಬಂತು. ಕುಂಕುಮ ಹಚ್ಚಿದ ಚಕ್ರ, ಒಣಗಿದ ಸೇವಂತಿಗೆ, ಅರಿಶಿನದ ದಾರ. ಚಕ್ರದ ಕಡ್ಡಿಗಳ ನಡುವೆ ತೂರಿ ಪೈಪಿಗೆ ಬಿಗಿದ ದಾರ ಎಲ್ಲೂ ತುಂಡಾಗಿರಲಿಲ್ಲ. ಕಾಲು ಸುತ್ತು ತಿರುಗಿಸಿದ್ದರೂ ಅದು ಹರಿಯಬೇಕಿತ್ತು.

ಅವಳು ಎದ್ದು ಶಿವಯೋಗಿಯ ಕೋಣೆಗೆ ಓಡಿದಳು ಎಂದರೂ ತಪ್ಪಿಲ್ಲ. ಶಿವಯೋಗಿ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ರಿಜಿಸ್ಟರಿನ ಪ್ರತಿ ತರಿಸಿ ನೋಡಿದ. 2ನೇ ತಾರೀಖು ಮತ್ತು 4ನೇ ತಾರೀಖಿನ ಸಾಲುಗಳ ಅಕ್ಷರ ಬೇರೆ. ಅದೇ ಅಕ್ಷರ ಬೆಳಿಗ್ಗೆ ಪಂಚನಾಮೆಯ ಕೆಳಗೂ ಗೋಪೀನಾಥನ ಸಹಿಯ ಪಕ್ಕ ವಿಳಾಸ ಬರೆದಿತ್ತು. ಬಸವೇಶ್ವರನಗರ, ಮೂರನೇ ಹಂತ.

ತುಂಬಿಸದೆ ತುಂಬಿಸಿದೆ ಎಂದು ಬರೆದವನಿಗೆ ಆ ಕ್ಯಾನ್ ಆಸ್ಪತ್ರೆ ತಲುಪುವುದು ಬೇಕಿರಲಿಲ್ಲ; ಅಲ್ಲಿ ತೆರೆದರೆ ಸುಳ್ಳು ಬಯಲಾಗುತ್ತಿತ್ತು. ಇಷ್ಟು ಸರಳವಾದದ್ದು ಬೆಳಿಗ್ಗೆಯೇ ಹೊಳೆಯಬೇಕಿತ್ತು. ಮೂರು ಗಂಟೆ ಹೋರಿಯ ಹಿಂದೆ ಹೋಗಿತ್ತು. ಶಿವಯೋಗಿಗೆ ತನ್ನ ಮೇಲೆ ಸಿಟ್ಟು ಬಂತು.

ಅವನು ಮಾಲವಿಕಾಗೆ ಫೋನು ಮಾಡಿದ. ಅವಳು ಆಸ್ಪತ್ರೆಯಲ್ಲಿ ವೈದ್ಯರೊಂದಿಗೆ ಇದ್ದಳು.

“ಕ್ಯಾನ್ ತುಂಬಿದ್ದು ಶನಿವಾರ ಅಲ್ಲ ಮೇಡಂ. ಮೂವತ್ತನೇ ತಾರೀಖು.”

ಅವಳು ದಿನ ಎಣಿಸಿದಳು. “ಹಾಗಾದ್ರೆ ಹತ್ತನೇ ತಾರೀಖು ಕೊನೆ. ಲೆಕ್ಕದ ಪ್ರಕಾರ ಇನ್ನೂ ಇರ್ಬೇಕು. ಆದ್ರೆ ಯಾರಾದ್ರೂ ಮುಚ್ಚಳ ತೆಗೆದು ಬಹಳ ಹೊತ್ತು ಬಿಟ್ಟಿದ್ರೆ ಹೇಳಕ್ಕಾಗಲ್ಲ ಸಾರ್.”

2.50ಕ್ಕೆ ಕ್ಯಾಂಪಸ್. ಗೋಪೀನಾಥ ತನ್ನ ಕೋಣೆಯಲ್ಲಿ ಒಬ್ಬನೇ ಇದ್ದ. ಗೋಡೆಯ ಮೇಲೆ ಎರಡನೇ ಟವರಿನ ನಕ್ಷೆ, ಅದರಲ್ಲಿ ಮಹಡಿ ಮಹಡಿಗೂ ಕಾದಿರುವ ಕಂಪನಿಗಳ ಹೆಸರು.

“ಎರಡನೇ ತಾರೀಖು ನೈಟ್ರೋಜನ್ ತುಂಬಿದ್ದು ಯಾರು?”

“ಸ್ಟಾಫ್ ಸಾರ್.”

“ಯಾವ ಸ್ಟಾಫ್?”

“ನೋಡಿ ಹೇಳ್ಬೇಕು.”

“ರಿಜಿಸ್ಟರಲ್ಲಿ ಅಕ್ಷರ ನಿಮ್ದು.”

ಗೋಪೀನಾಥ ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದ.

“ಕ್ರೇನ್ ಯಾವತ್ತು ಬಂತು?”

“ಬುಧವಾರ ಸಂಜೆ.”

“ಎಲ್ಲಿ ನಿಲ್ಸಿದ್ರಿ?”

“ಜಾಗ ಇರ್ಲಿಲ್ಲ ಸಾರ್. ಗ್ಯಾಸ್ ಯಾರ್ಡ್ ಬಾಗಿಲಿಗೆ ಅಡ್ಡ.”

“ಎಷ್ಟು ದಿನ?”

“ಭಾನುವಾರದ ತನಕ.”

“ಅಂದ್ರೆ ಯಾರ್ಡ್ ಒಳಗೆ ಯಾರೂ ಹೋಗೋ ಹಾಗಿರ್ಲಿಲ್ಲ.”

ಶಿವಯೋಗಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಇವನನ್ನು ಗದರಿಸಿ ಪ್ರಯೋಜನವಿಲ್ಲ, ಗದರಿಕೆಯಲ್ಲೇ ಬೆಳೆದ ಮನುಷ್ಯ ಎಂದು ಅನಿಸಿತು.

“ದೀಪ್ತಿ ಅನ್ನೋರಿಗೆ ಕೀಮೋ ಯಾವತ್ತು ಗೊತ್ತಾ?”

“ಕ್ಯಾನ್ ಹೋದ ಮೇಲೆ. ಇವತ್ತು ಸಂಜೆಯೋ ನಾಳೆಯೋ.”

“ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟಾಗಿದೆ.”

ಗೋಪೀನಾಥ ಫೈಲನ್ನು ಕೆಳಗಿಟ್ಟ. ಬೆಳಿಗ್ಗೆಯಿಂದ ಮಾಲವಿಕಾಳ ಎದುರಿಗೆ ಬೀಳದಂತೆ ಓಡಾಡಿದ್ದವನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

“ಅದು ಹೇಗೆ ಕೊಡ್ತಾರೆ ಸಾರ್? ಸಾಮಾನು ಸೈಟಿಗೆ ಬಂದ ಮೇಲೆ ತಾನೇ ಹಳೇ ಗೋಡೆ ಒಡೆಯೋದು.”

“ಕ್ಯಾನ್ ಎಲ್ಲಿದೆ?”

“ಅದು ಒಣಗಿಹೋಗಿದೆ ಸಾರ್. ನಿನ್ನೆ ಮಧ್ಯಾಹ್ನ ಮುಚ್ಚಳ ತೆಗೆದು ನೋಡ್ದೆ. ಬರೀ ಹೊಗೆ. ಒಳಗೆ ಏನೂ ಇರ್ಲಿಲ್ಲ. ಅದನ್ನೇ ಕಳ್ಸಿದ್ರೆ ಸತ್ತಿರೋದನ್ನ ಅವರ ಮೈಗೆ ಹಾಕ್ತಾರೆ. ಕಳುವಾಗಿದೆ ಅಂತ ಆದ್ರೆ ಕೀಮೋ ನಿಲ್ಲಿಸ್ತಾರೆ, ಇನ್ನೊಂದು ಸಲ ಸೆಲ್ಸ್ ತೆಗೀತಾರೆ ಅಂದ್ಕೊಂಡೆ.”

“ಕ್ಯಾನ್ ಎಲ್ಲಿದೆ ಕೇಳ್ದೆ.”

“ಮನೇಲಿ. ಯುಟಿಲಿಟೀಲಿ.”

“ನಿಂತಿದೆಯಾ, ಮಲಗಿದೆಯಾ?”

“ನಿಂತಿದೆ.”

3.10ಕ್ಕೆ ಜೀಪು ಹೊರಟಿತು. ಮಾಲವಿಕಾ ಆಸ್ಪತ್ರೆಯಿಂದಲೇ ನೇರ ಬರುವುದೆಂದಾಯಿತು. “ಒಳಗೆ ಎಷ್ಟಿದೆ ಅಂತ ಅಳೆಯೋ ಸ್ಕೇಲ್ ಲ್ಯಾಬಿನ ಕಪಾಟಲ್ಲಿದೆ, ಅದರ ಕೀ ನನ್ನ ಹತ್ರ ಮಾತ್ರ” ಎಂದಳು ಫೋನಿನಲ್ಲಿ. ಆಗ ಕೃಷ್ಣಯ್ಯ ಹಿಂದಿನಿಂದ ಬಗ್ಗಿದ.

“ಸಾರ್, ಠಾಣೇಲಿ ಕೂರ್ಸಿದೀವಲ್ಲ ಹೋರಿ ಡಾಕ್ಟ್ರು. ಅವರ ಹತ್ರ ಅಂಥದೇ ಅಳೆಯೋ ಪಟ್ಟಿ ಇದೆ. ಮಹಜರಿನಲ್ಲಿ ನಾವೇ ಸೀಜ್ ಮಾಡಿದೀವಿ.”

ಠಾಣೆಯೆದುರು ಜೀಪು ನಿಂತದ್ದು ಒಂದು ನಿಮಿಷ. ದೊಡ್ಡಹನುಮಯ್ಯ ಕಪ್ಪು ಮರದ ಪಟ್ಟಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದ. ಸುಮನಹಳ್ಳಿ ಜಂಕ್ಷನ್ನಿನಲ್ಲಿ ಸೈರನ್ ಹಾಕಿದರೂ ಮುಂದಿನ ಬಸ್ಸಿಗೆ ಸರಿಯಲು ಜಾಗವಿರಲಿಲ್ಲ. ಅಲ್ಲೇ ಹದಿನೇಳು ನಿಮಿಷ ಹೋಯಿತು. ಗೋಪೀನಾಥ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು ಕೂತಿದ್ದ. ಶಿವಯೋಗಿ ಗಡಿಯಾರ ನೋಡಬಾರದೆಂದು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡ.

ಬಾಗಿಲು ತೆರೆದವಳು ಗೋಪೀನಾಥನ ಹೆಂಡತಿ ಪಂಕಜಾ. ಕೈಯಲ್ಲಿ ಹುರುಳಿಕಾಯಿಯ ನಾರು. ಗಂಡನ ಹಿಂದೆ ಖಾಕಿ ಕಂಡು ಅವಳು ಗೋಡೆಗೆ ಒರಗಿದಳು.

“ಲ್ಯಾಬ್ ಸಾಮಾನು, ಯಾರೂ ಮುಟ್ಟಬೇಡಿ ಅಂದಿದ್ರು. ನಾನು ಮುಟ್ಟಿಲ್ಲ ಸಾರ್. ನೆಲ ಒರೆಸುವಾಗ್ಲೂ ಸುತ್ತ ಒರೆಸ್ದೆ.”

ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವೆ ಕ್ಯಾನ್ ನಿಂತಿತ್ತು. ಗಂಟೆ 3.58. ಹತ್ತು ನಿಮಿಷದ ಮೇಲೆ ಮಾಲವಿಕಾ ಮೆಟ್ಟಿಲು ಹತ್ತಿ ಬಂದಳು. ಅವಳು ದಪ್ಪ ಕೈಗವಸು ತೊಟ್ಟು ಮುಚ್ಚಳ ಹಿಡಿದಳು, ಆದರೆ ಎತ್ತಲಿಲ್ಲ. ದೊಡ್ಡಹನುಮಯ್ಯ “ಬುಡಿ ತಾಯಿ” ಎಂದು ತಾನೇ ತೆಗೆದ. ಬಿಳಿ ಹೊಗೆ ಬಾಯಿ ದಾಟಿ ನೆಲಕ್ಕಿಳಿಯಿತು. ಶಿವಯೋಗಿ ಬಗ್ಗಿ ನೋಡಿದ. ಒಳಗೆ ಹೊಗೆಯ ಹಿಂದೆ ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ.

“ಏನೂ ಇಲ್ಲ” ಎಂದ.

“ಬಗ್ಗಿ ನೋಡಿದ್ರೆ ಯಾರಿಗೂ ಕಾಣಲ್ಲ ಸ್ವಾಮಿ. ನೀರಿಗಿಂತ ತಿಳಿ ಅದು. ನಲವತ್ತು ವರ್ಷದಾಗೆ ನಾನು ಒಂದು ದಿವ್ಸನೂ ಕಣ್ಣಿಟ್ಟು ನೋಡಿಲ್ಲ.”

ಮುದುಕ ಪಟ್ಟಿಯನ್ನು ತಳ ಮುಟ್ಟುವ ತನಕ ನಿಧಾನ ಇಳಿಸಿದ. ತುಟಿಯಲ್ಲೇ ಹದಿನೈದು ಎಣಿಸಿದ. ಮೇಲಕ್ಕೆತ್ತಿ ಬೀಸಣಿಗೆ ಬೀಸಿದಂತೆ ಗಾಳಿಯಲ್ಲಿ ನಾಲ್ಕು ಸಲ ಆಡಿಸಿದ. ಕಪ್ಪು ಮರ ಕಪ್ಪಾಗಿಯೇ ಇತ್ತು. ಮಾಲವಿಕಾ ಕಣ್ಣು ಮುಚ್ಚಿಕೊಂಡಳು. ಆಮೇಲೆ ತುದಿಯಲ್ಲಿ ತೆಳ್ಳಗೆ ಬೆಳ್ಳಗಾಯಿತು. ನೋಡುತ್ತಿದ್ದಂತೆ ಬಿಳುಪು ಮೇಲೇರಿ ಒಂದು ಕಡೆ ಗೆರೆ ಕೊಯ್ದಂತೆ ನಿಂತಿತು. ಮುದುಕ ತನ್ನ ಬೆರಳುಗಳನ್ನು ಪಕ್ಕದಲ್ಲಿಟ್ಟ.

“ನಾಲ್ಕು ಬೆರಳು ಐತೆ.”

“ಸೆಲ್ಸ್ ಇರೋದು ತಳದ ಮೂರು ಬೆರಳಲ್ಲಿ” ಎಂದಳು ಮಾಲವಿಕಾ. ಅವಳಿಗೆ ಅಳು ಬಂದುಬಿಟ್ಟಿತು.

ಗೋಪೀನಾಥ ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. “ಇತ್ತಾ? ನಾನು ನೋಡ್ದಾಗ್ಲೂ ಇತ್ತಾ?” ಎಂದು ಯಾರನ್ನೋ ಕೇಳಿದ.

ಕ್ಯಾನನ್ನು ಸ್ಥಳದಲ್ಲೇ ಜಪ್ತಿ ಮಾಡಿ, ಜೀವ ಉಳಿಸುವ ವಸ್ತು ಎಂದು ಷರಾ ಬರೆದು ಮಾಲವಿಕಾಳ ಸುಪರ್ದಿಗೆ ಒಪ್ಪಿಸಲಾಯಿತು. ಕೃಷ್ಣಯ್ಯ ಅದನ್ನು ಎರಡು ಮಂಡಿಗಳ ನಡುವೆ ಹಿಡಿದು ಕೂತ. 5.25ಕ್ಕೆ ಆಸ್ಪತ್ರೆ ತಲುಪಿದ ಸುದ್ದಿ ಬಂತು. 7.10ಕ್ಕೆ ಇನ್ನೊಂದು ಸುದ್ದಿ: ಪರೀಕ್ಷೆಗೆಂದು ಇಟ್ಟಿದ್ದ ಚೂರನ್ನು ಕರಗಿಸಿ ನೋಡಿದ್ದಾರೆ, ಸೆಲ್‌ಗಳಲ್ಲಿ ಜೀವ ಇದೆ.

ಬಂಧನದ ಮೆಮೊ ಬರೆದದ್ದು ಸಂಜೆ 5.50ಕ್ಕೆ. ಸುದ್ದಿ ಯಾರಿಗೆ ತಿಳಿಸಬೇಕು ಎಂಬ ಕಡೆ ಪಂಕಜಾಳ ಹೆಸರು. ಎಫ್‌ಐಆರಿಗೆ ಕಲಂ 306, ನೌಕರನಿಂದ ಕಳವು, ಮತ್ತು ಕಲಂ 125, ಇನ್ನೊಬ್ಬರ ಜೀವಕ್ಕೆ ಅಪಾಯ, ಇವೆರಡು ಸೇರಿದವು. ಸುಳ್ಳು ದಾಖಲೆಯ ಕಲಮನ್ನೂ ಸೇರಿಸಿದರು.

“ಕ್ರೇನ್ ಸರಿಸಿ, ತುಂಬಿಸ್ಬೇಕು ಅಂತ ಮೇಲಿನವರಿಗೆ ಹೇಳ್ಬಹುದಿತ್ತಲ್ಲ?” ಎಂದು ಶಿವಯೋಗಿ ಕೇಳಿದ.

“ಹೇಳ್ದೆ ಸಾರ್. ಬುಧವಾರಾನೇ ಹೇಳ್ದೆ. ಮ್ಯಾನೇಜ್ ಮಾಡಿ ಗೋಪಿ ಅಂದ್ರು.”

“ಅಂದ್ರೆ?”

“ಅಷ್ಟೇ ಸಾರ್. ನಮ್ಮಲ್ಲಿ ಎಲ್ಲದಕ್ಕೂ ಅದೇ ಮಾತು. ರಜೆ ಮುಗಿಯೋದ್ರೊಳಗೆ ಕಂಬ ನಿಲ್ಲದಿದ್ರೆ ಟವರ್ ಒಂದು ತಿಂಗಳು ಹಿಂದೆ ಬೀಳುತ್ತೆ, ಜಾಗ ಸಾಲದೆ ಕಂಪನಿಗಳು ಬೇರೆ ಕಡೆ ಹೋಗ್ತವೆ ಅಂತ. ಇದಕ್ಕೆ ಮೊದ್ಲು ಎಂಟು ತಿಂಗಳು ಕೆಲಸ ಇಲ್ದೆ ಮನೇಲಿ ಕೂತಿದ್ದೆ. ಇನ್ನೊಂದು ಸಲ ಬಾಯಿ ತೆಗೆಯೋ ಧೈರ್ಯ ಬರ್ಲಿಲ್ಲ.”

ಅದಕ್ಕೆ ಮುನಿರಾಜುವಿನ ಹೆಸರು ಯಾಕೆ ತೆಗೆದಿರಿ ಎಂದು ಶಿವಯೋಗಿ ಕೇಳಿದಾಗ ಅವನು ತಲೆ ತಗ್ಗಿಸಿದ. ಮುನಿರಾಜುವನ್ನೂ ಮುದುಕನನ್ನೂ ಆರು ಗಂಟೆಗೆ ಬಿಟ್ಟರು. ಶಿವಯೋಗಿ ತಾನೇ ಗೇಟಿನ ತನಕ ಬಂದು “ತಪ್ಪಾಯ್ತು” ಎಂದ. “ನಮ್ಮಮ್ಮ ಬೀದೀಲಿ ನಿಂತು ನೋಡಿದ್ಲು ಸಾರ್” ಎಂದು ಮುನಿರಾಜು ಹೊರಟುಹೋದ. ಕ್ರೇನ್ ಸರಿಸದೆ ಮ್ಯಾನೇಜ್ ಮಾಡಲು ಹೇಳಿದ ಕ್ಯಾಂಪಸ್ಸಿನ ನಿರ್ದೇಶಕರಿಗೆ ನೋಟಿಸು ಹೋಯಿತು. ಅವರು ವಕೀಲರ ಮೂಲಕ ಉತ್ತರ ಕಳಿಸಿದರು, ತಾವು ಅಂಥ ಆದೇಶ ಕೊಟ್ಟಿಲ್ಲವೆಂದು. ಮ್ಯಾನೇಜ್ ಮಾಡಿ ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ.

ಅಕ್ಟೋಬರ್ 18ರಂದು ಶ್ರೀಶ ಫೋನು ಮಾಡಿದ. ಈ ಸಲ ಏನನ್ನೂ ಕೇಳಲಿಲ್ಲ. “ಸಾರ್, ಇವತ್ತು ಅವಳ ಬಿಳಿ ರಕ್ತಕಣ ಎಂಟುನೂರಿಗೆ ಬಂದಿದೆ. ನಿನ್ನೆ ಇನ್ನೂರಿತ್ತು. ಹೊಸ ರಕ್ತ ಹುಟ್ತಾ ಇದೆ ಅಂತ ಡಾಕ್ಟ್ರು ನಕ್ಕರು” ಎಂದ. ಶಿವಯೋಗಿ ಆ ಎರಡು ಸಂಖ್ಯೆಗಳನ್ನು ಕೇಸ್ ಡೈರಿಯ ಅಂಚಿನಲ್ಲಿ ಬರೆದುಕೊಂಡ. ತನಿಖೆಗೆ ಅದು ಬೇಕಿರಲಿಲ್ಲ.

ಮಾರನೇ ದಿನ ಭಾನುವಾರ, ಬೆಳಿಗ್ಗೆ 10.15. ಜಾಮೀನಿನ ಷರತ್ತಿನಂತೆ ಸಹಿ ಹಾಕಲು ಗೋಪೀನಾಥ ಠಾಣೆಗೆ ಬಂದ. ಅಂಗಿ ಅದೇ ತಿಳಿನೀಲಿ, ಇಸ್ತ್ರಿಯಿರಲಿಲ್ಲ. ಶಿವಯೋಗಿ ಅವನನ್ನು ಕೂರಿಸಿ ಮೊದಲು ದೀಪ್ತಿಯ ಸುದ್ದಿ ಹೇಳಿದ. ಗೋಪೀನಾಥ ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ಇದನ್ನ ನೋಡಿ. ಟ್ರಾಫಿಕ್‌ನವರಿಂದ ಬಂದಿದೆ. ಚಾರ್ಜ್‌ಶೀಟಿಗೆ ಸೇರಿಸ್ಬೇಕು.”

ಜಂಕ್ಷನ್ನಿನ ಕ್ಯಾಮೆರಾ ತಾನಾಗಿಯೇ ತೆಗೆದ ಚಿತ್ರ. ಅಕ್ಟೋಬರ್ 5, ಸಂಜೆ 4.12. ಗೋಪೀನಾಥನ ಕಾರು, ಮುಂಗಾಜಿನೊಳಗೆ ಎಲ್ಲವೂ ಸ್ಪಷ್ಟ. ಚಾಲಕ ಸೀಟ್ ಬೆಲ್ಟ್ ಹಾಕಿಲ್ಲವೆಂದು ದಂಡದ ನೋಟಿಸು. ಪಕ್ಕದ ಸೀಟಿನಲ್ಲಿ ಕ್ಯಾನ್ ನೆಟ್ಟಗೆ ಕೂತಿತ್ತು. ಅದಕ್ಕೆ ಬೆಲ್ಟ್ ಹಾಕಿತ್ತು. ಗೋಪೀನಾಥನ ಎಡಗೈ ಕ್ಯಾನಿನ ಹೆಗಲ ಮೇಲಿತ್ತು.

“ಒಣಗಿಹೋಗಿದೆ, ಎಲ್ಲಾ ಸತ್ತಿದೆ ಅಂದ್ಕೊಂಡಿದ್ರಿ ಅಲ್ವಾ?”

“ಹೌದು ಸಾರ್.”

“ಮತ್ತೆ ಬೆಲ್ಟು?”

ಗೋಪೀನಾಥ ಚಿತ್ರವನ್ನು ಹತ್ತಿರ ಎಳೆದುಕೊಂಡ.

“ಅದ್ರ ಮೇಲೆ ಆ ಟೀಚರ್ ಹೆಸರು, ವಯಸ್ಸು ಬರೆದಿತ್ತು ಸಾರ್. ಹಿಂದುಗಡೆ ಡಿಕ್ಕೀಲಿ ಹಾಕಕ್ಕೆ ಕೈ ಬರ್ಲಿಲ್ಲ.”

ಶಿವಯೋಗಿ ಸಹಿಯ ಪುಸ್ತಕವನ್ನು ಅವನ ಕಡೆ ತಿರುಗಿಸಿದ. ಗೋಪೀನಾಥ ತಾರೀಖು ಬರೆದು, ಸಮಯ ಬರೆದು, ಎರಡನ್ನೂ ಗೋಡೆಯ ಕ್ಯಾಲೆಂಡರ್, ಗಡಿಯಾರದೊಂದಿಗೆ ತಾಳೆ ನೋಡಿ, ಆಮೇಲೆ ಸಹಿ ಹಾಕಿದ.